ಹವಳದ ತೊಟ್ಟಿಯಲ್ಲಿ ನೀರು ಬದಲಾವಣೆ: ಒಳನಾಡಿನ ನೋಟ

ಸಮುದ್ರದ ಹವಳ, ಅನಿಮೋನ್, ಸಿಗಡಿ, ಸಣ್ಣ ಮೀನುಗಳನ್ನು ಉಪ್ಪುನೀರಿನಲ್ಲಿ ಒಟ್ಟಿಗೆ ಸಾಕುವ ಗಾಜಿನ ಅಕ್ವೇರಿಯಂಗೆ ಹವಳದ ತೊಟ್ಟಿ ಅಥವಾ ರೀಫ್ ಟ್ಯಾಂಕ್ ಎನ್ನುತ್ತಾರೆ. ಅದರ ಹಳೆಯ ನೀರಿನಲ್ಲಿ ಒಂದು ಪಾಲನ್ನು ಹೊರತೆಗೆದು ಅಷ್ಟೇ ಹೊಸ ಉಪ್ಪುನೀರು ತುಂಬುವುದು ನೀರು ಬದಲಾವಣೆ. ವಾರಕ್ಕೆ ಶೇ 10, ಇಲ್ಲವೇ ತಿಂಗಳಿಗೆ ಶೇ 20ರಿಂದ 25 ಎಂಬುದು ಬಹುಕಾಲದಿಂದ ನಡೆದುಬಂದ ರೂಢಿ. ಈ ರೂಢಿ ಕಡ್ಡಾಯವೇ, ಅಥವಾ ಯಂತ್ರ, ಪಾಚಿ, ರಾಸಾಯನಿಕಗಳ ನೆರವಿನಿಂದ ವರ್ಷಗಟ್ಟಲೆ ಅದೇ ನೀರಿನಲ್ಲಿ ಹವಳವನ್ನು ಚೆನ್ನಾಗಿಡಬಹುದೇ ಎಂಬುದು ಈ ಹವ್ಯಾಸದ ಹಳೆಯ ಚರ್ಚೆ. ತತ್ವದ ಮಟ್ಟಿಗೆ ಕಡ್ಡಾಯವಲ್ಲ. ಆದರೆ ಬದಲಿಸದೆ ನಡೆಸಲು ಬೇಕಾಗುವ ಪರೀಕ್ಷೆ, ಶಿಸ್ತು ಮತ್ತು ಹಣ ಬದಲಿಸುವ ಶ್ರಮಕ್ಕಿಂತ ಹೆಚ್ಚು. ಒಳನಾಡಿನಲ್ಲಿ ಇವೆರಡಕ್ಕೂ ಮೊದಲು ಬರುವ ಪ್ರಶ್ನೆ ಇನ್ನೊಂದಿದೆ: ಹೊಸದಾಗಿ ತುಂಬುವ ನೀರು ಎಂಥದು?

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕು, ಸೋಂಪುರ ಹೋಬಳಿಯ ದಾಬಸ್‌ಪೇಟೆ ಈ ಪ್ರಶ್ನೆಯನ್ನು ಪರೀಕ್ಷಿಸಲು ತಕ್ಕ ಊರು. ತುಮಕೂರು ರಸ್ತೆಯ ಮೇಲೆ, ಶಿವಗಂಗೆ ಬೆಟ್ಟದ ಸಮೀಪ, ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಿರುವ ಈ ಊರಿಗೆ ಕರಾವಳಿ ರಸ್ತೆಯಲ್ಲಿ 300 ಕಿಲೋಮೀಟರಿಗೂ ಹೆಚ್ಚು ದೂರ. ಇಲ್ಲಿನ ನೆಲ ಗ್ರಾನೈಟ್ ಮತ್ತು ನೈಸ್ ಶಿಲೆಯದು. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ಅರ್ಕಾವತಿಯನ್ನು ಸೇರಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೋಗಬೇಕಾದ ಹೊಳೆ. ವರ್ಷದ ಬಹುಪಾಲು ಅದು ಒಣಗಿರುತ್ತದೆ. ಮನೆಗಳಿಗೆ ಬರುವುದು ಕೊಳವೆಬಾವಿಯ ನೀರು. ಕೇಂದ್ರೀಯ ಅಂತರ್ಜಲ ಮಂಡಳಿಯ ವರ್ಗೀಕರಣದಲ್ಲಿ ನೆಲಮಂಗಲವೂ ಸೇರಿ ಈ ಜಿಲ್ಲೆಯ ತಾಲ್ಲೂಕುಗಳು ಅಂತರ್ಜಲವನ್ನು ಮಿತಿಮೀರಿ ಬಳಸಿದ ಪಟ್ಟಿಯಲ್ಲಿವೆ. ಇಂಥ ಕಡೆ ಒಂದು ಲೀಟರ್ ನೀರು ಚೆಲ್ಲುವ ಮುನ್ನವೂ ಅದು ಯಾಕೆ ಎಂದು ಕೇಳಿಕೊಳ್ಳಬೇಕಾದದ್ದು ನ್ಯಾಯವೇ.

ಹೋಲಿಕೆಗೆ ಕರ್ನಾಟಕದ್ದೇ ಹವಳದ ನೆಲೆಯನ್ನು ನೋಡಬಹುದು. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳ ಬೆಳೆದಿದೆ. ಅಲ್ಲಿ ಉಬ್ಬರ, ಇಳಿತ, ಪ್ರವಾಹಗಳು ಹವಳದ ಸುತ್ತಣ ನೀರನ್ನು ಎಡೆಬಿಡದೆ ಬದಲಿಸುತ್ತಿರುತ್ತವೆ. ಮೀನಿನ ಹೇಲು, ಹವಳದ ಲೋಳೆ, ಸತ್ತ ಜೀವಿಗಳ ಕೊಳೆ ಯಾವುದೂ ಒಂದೆಡೆ ನಿಲ್ಲುವುದಿಲ್ಲ. ಹವಳ ಎಷ್ಟೇ ಕ್ಯಾಲ್ಸಿಯಂ ಹೀರಿದರೂ ಸುತ್ತಲಿನ ನೀರಿನಲ್ಲಿ ಅದು ಕಡಿಮೆಯಾಗುವುದಿಲ್ಲ. ತೊಟ್ಟಿಯಲ್ಲಿ ಈ ಎರಡೂ ತಲೆಕೆಳಗು. ಹಾಕಿದ ಆಹಾರದ ಸಾರಜನಕ ಮತ್ತು ರಂಜಕ ಅಲ್ಲೇ ಉಳಿಯುತ್ತವೆ, ಹೀರಿದ ಖನಿಜ ಅಷ್ಟು ಕಡಿಮೆಯಾಗುತ್ತಲೇ ಹೋಗುತ್ತದೆ. ನೀರು ಬದಲಿಸುವ ಕ್ರಮ ಈ ಎರಡು ತೊಂದರೆಗಳಿಗೆ ಒಂದೇ ಮದ್ದು ಎಂದು ರೂಢಿಗೆ ಬಂತು. ಒಂದು ತೊಂದರೆಗೆ ಅದು ಸಾಕಷ್ಟು ಒಗ್ಗುತ್ತದೆ, ಇನ್ನೊಂದಕ್ಕೆ ಬಹುತೇಕ ಒಗ್ಗುವುದೇ ಇಲ್ಲ. ಚರ್ಚೆಯ ಗೊಂದಲವೆಲ್ಲ ಇಲ್ಲಿಂದ ಹುಟ್ಟಿದ್ದು.

ಹಿನ್ನೆಲೆ

ನೀರು ಬದಲಿಸದೆಯೂ ಸಮುದ್ರಜೀವಿಗಳನ್ನು ಸಾಕಬಹುದೆಂದು ತೋರಿಸಿದ ಮೊದಲಿಗರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಮುಖ್ಯರು. ಜೀವಂತ ಕಲ್ಲು (ಸೂಕ್ಷ್ಮಜೀವಿಗಳು ನೆಲೆಸಿರುವ ಸಮುದ್ರದ ಕಲ್ಲು), ಬಿಸಿಲು ಮತ್ತು ಗಾಳಿಗುಳ್ಳೆಗಳಿಂದಲೇ ನಡೆಯುವ ತಮ್ಮ ತೊಟ್ಟಿಗಳ ಬಗ್ಗೆ ಅವರು 1961ರಲ್ಲಿ ಬರೆದರು. ಸಮುದ್ರತೀರದಲ್ಲಿದ್ದ ಅವರಿಗೆ ಒಳ್ಳೆಯ ನೀರೂ ಹೊಸ ಕಲ್ಲೂ ಕೈಗೆಟಕುವಂತಿದ್ದವು. ದಾಬಸ್‌ಪೇಟೆಯಂಥ ಊರಿನವರು ಅವರ ಉದಾಹರಣೆಯನ್ನು ಎತ್ತಿಕೊಳ್ಳುವಾಗ ಇದನ್ನು ಮರೆಯಬಾರದು.

ಯುರೋಪಿನಲ್ಲಿ ಪೀಟರ್ ವಿಲ್ಕೆನ್ಸ್ ಮೊದಲಾದವರು ನೊರೆ ಎಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಮತ್ತು ಸುಣ್ಣದ ತಿಳಿನೀರಿನ ಬಳಕೆಯನ್ನು ಹರಡಿದರು. ಇವೆರಡಕ್ಕೆ ಜೀವಂತ ಕಲ್ಲು ಸೇರಿ ಬರ್ಲಿನ್ ಪದ್ಧತಿ ಎಂಬ ಹೆಸರು ಬಂತು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ, ಬೆಳಕಿನಡಿ ಪಾಚಿ ಬೆಳೆಸಿ ಕೆರೆದು ತೆಗೆಯುವ ಮೂಲಕ ಪೋಷಕಾಂಶ ಹೊರಹಾಕುವ ವಿಧಾನ ರೂಪಿಸಿದರು. 1987ರಲ್ಲಿ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ ತೆರೆದ 25 ಲಕ್ಷ ಲೀಟರಿನ ಹವಳದ ತೊಟ್ಟಿ ಮೊದಲಿಗೆ ಇದೇ ಕ್ರಮದಲ್ಲಿ ನಡೆಯಿತು. ಫ್ರಾನ್ಸಿನ ಜಾನ್ ಜೋಬೇರ್, ಮರಳಿನ ದಪ್ಪ ಹಾಸಿನಡಿ ಆಮ್ಲಜನಕ ಕಡಿಮೆ ಇರುವ ನೀರಿನ ಪದರ ಉಳಿಸಿ ನೈಟ್ರೇಟನ್ನು ಸಾರಜನಕ ಅನಿಲವಾಗಿಸುವ ಬ್ಯಾಕ್ಟೀರಿಯಾಕ್ಕೆ ನೆಲೆ ಕೊಟ್ಟರು. ಜರ್ಮನಿಯ ಹಾನ್ಸ್ ವೆರ್ನರ್ ಬಾಲಿಂಗ್ 1990ರ ದಶಕದಲ್ಲಿ ಹವಳ ಹೀರಿದ ಖನಿಜಗಳನ್ನು ಅಳೆದು ಪ್ರತ್ಯೇಕ ದ್ರಾವಣಗಳಾಗಿ ಹಾಕುವ ಕ್ರಮ ಕಟ್ಟಿದರು. 2010ರ ದಶಕದಲ್ಲಿ ಜರ್ಮನಿಯದೇ ಟ್ರೈಟನ್ ಪ್ರಯೋಗಾಲಯ, ನೀರಿನ ಮಾದರಿಯಲ್ಲಿರುವ ಹತ್ತಾರು ಮೂಲಧಾತುಗಳನ್ನು ಐಸಿಪಿ ಯಂತ್ರದಲ್ಲಿ ಅಳೆದುಕೊಟ್ಟು, ಕೊರತೆ ಇದ್ದದ್ದನ್ನು ಮಾತ್ರ ಸೇರಿಸುವ, ನೀರು ಬದಲಿಸದ ಪದ್ಧತಿಯನ್ನು ಜನಪ್ರಿಯಗೊಳಿಸಿತು. ನೀರು ಬದಲಾವಣೆ ಮಾಡುತ್ತಿದ್ದ ಒಂದೊಂದು ಕೆಲಸವನ್ನು ಇವರೆಲ್ಲ ಒಂದೊಂದು ಬೇರೆ ಉಪಾಯಕ್ಕೆ ಒಪ್ಪಿಸಿದರು. ಉಪಾಯ ಕೈಕೊಟ್ಟ ದಿನ ಆ ಕೆಲಸವೂ ನಿಲ್ಲುತ್ತದೆ.

ಲೆಕ್ಕ ಹೇಳುವುದು

ಸಮುದ್ರದ ನೀರಿನಲ್ಲಿ ಕಿಲೋಗ್ರಾಂಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಕ್ಯಾಲ್ಸಿಯಂ ಸುಮಾರು 410ರಿಂದ 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ), ಮೆಗ್ನೀಸಿಯಂ 1,300ರ ಆಸುಪಾಸು, ಕ್ಷಾರೀಯತೆ ಹವ್ಯಾಸಿಗಳ ಅಳತೆಯಲ್ಲಿ 7 ಡಿಕೆಎಚ್‌ಗೆ ಹತ್ತಿರ. ಹವಳದ ತೊಟ್ಟಿಯವರು ಕಾಪಾಡಲು ಹೊರಡುವುದು ಈ ಅಂಕಿಗಳನ್ನೇ.

ಮೊದಲು ಕೊಳೆಯ ಲೆಕ್ಕ. ಒಂದು ತೊಟ್ಟಿಯಲ್ಲಿ ವಾರಕ್ಕೆ 2 ಪಿಪಿಎಂ ನೈಟ್ರೇಟ್ ಹೆಚ್ಚುತ್ತಿದೆ, ವಾರವಾರವೂ ಶೇ 10 ನೀರು ಬದಲಾಗುತ್ತಿದೆ ಎಂದುಕೊಳ್ಳೋಣ. ನೈಟ್ರೇಟ್ ಏರುತ್ತಾ ಹೋಗಿ 20 ಪಿಪಿಎಂ ಮುಟ್ಟಿದಾಗ, ಪ್ರತಿ ಬದಲಾವಣೆಯಲ್ಲಿ ಹೊರಹೋಗುವುದೂ 2 ಪಿಪಿಎಂ ಆಗುತ್ತದೆ. ಅಲ್ಲಿಗೆ ಅದು ನಿಲ್ಲುತ್ತದೆ, ಇನ್ನೂ ಏರುವುದಿಲ್ಲ. ಬೇರೆ ಯಾವ ಉಪಾಯವೂ ಇಲ್ಲದಿದ್ದರೂ ಅಂಕಿಗೆ ಒಂದು ಮೇಲ್ಮಿತಿ ಸಿಕ್ಕಿತು. ನೀರು ಬದಲಾವಣೆಯ ನಿಜವಾದ ಬಲ ಇದು. ಅಳೆಯಲಾಗದ, ಹೆಸರೂ ಗೊತ್ತಿಲ್ಲದ ಕೊಳೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಇಳಿಸುವ ವಿಷಯದಲ್ಲಿ ಮಾತ್ರ ಅದು ನಿಧಾನಿ: ಕೊಳೆ ಹೊಸದಾಗಿ ಸೇರದಿದ್ದರೂ ಶೇ 10ರಂತೆ ಏಳು ಸಲ ಬದಲಿಸಿದಾಗ ಇದ್ದದ್ದು ಅರ್ಧಕ್ಕೆ ಇಳಿಯುತ್ತದೆ.

ಖನಿಜದ ಲೆಕ್ಕ ಬೇರೆ. ಗಟ್ಟಿ ಹವಳ ತನ್ನ ಅಸ್ಥಿಯನ್ನು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಕಟ್ಟುತ್ತದೆ. ಅದು 2.8 ಡಿಕೆಎಚ್ ಕ್ಷಾರೀಯತೆ ಬಳಸಿದಾಗ ಜೊತೆಗೆ 20 ಪಿಪಿಎಂ ಕ್ಯಾಲ್ಸಿಯಂ ಇಳಿಯುತ್ತದೆ. ಹವಳ ತುಂಬಿದ ತೊಟ್ಟಿಯಲ್ಲಿ ದಿನಕ್ಕೆ 1 ಡಿಕೆಎಚ್ ಖರ್ಚಾಗುವುದು ಸಾಮಾನ್ಯ, ವಾರಕ್ಕೆ 7. ತೊಟ್ಟಿ 8ರಲ್ಲಿದ್ದು ಹೊಸ ನೀರು 10ರಲ್ಲಿದ್ದರೆ ಶೇ 10ರ ಬದಲಾವಣೆಯಿಂದ ಬರುವುದು 0.2 ಮಾತ್ರ. ಏಳು ಬೇಕಾದಲ್ಲಿ ಸೊನ್ನೆ ಪಾಯಿಂಟ್ ಎರಡು! ವಾರಕ್ಕೆ ಎಷ್ಟು ಬಕೆಟ್ ಹೊತ್ತರೂ ಗಟ್ಟಿ ಹವಳದ ಹಸಿವು ಇದರಿಂದ ತೀರುವುದಿಲ್ಲ. ಅದಕ್ಕೆ ದ್ರಾವಣ, ಸುಣ್ಣದ ತಿಳಿನೀರು ಇಲ್ಲವೇ ಸುಣ್ಣದ ಕಲ್ಲನ್ನು ಕರಗಿಸಿ ಕೊಡುವ ಕ್ಯಾಲ್ಸಿಯಂ ರಿಯಾಕ್ಟರ್ ಬೇಕೇ ಬೇಕು.

ಅಯೋಡಿನ್, ಕಬ್ಬಿಣ, ಮ್ಯಾಂಗನೀಸ್‌ನಂಥ ಅಲ್ಪ ಧಾತುಗಳು ಇವೆರಡರ ನಡುವೆ ಬೀಳುತ್ತವೆ. ವಾರಕ್ಕೆ ಶೇ 10ರಷ್ಟು ಕರಗಿಹೋಗುವ ಧಾತುವೊಂದನ್ನು ವಾರಕ್ಕೆ ಶೇ 10ರ ನೀರು ಬದಲಾವಣೆಯೊಂದೇ ಕಾಯುತ್ತಿದ್ದರೆ, ಅದು ಹೊಸ ಉಪ್ಪುನೀರಿನಲ್ಲಿ ಇರುವುದರ ಅರ್ಧಕ್ಕಿಂತ ತುಸು ಮೇಲೆ ನಿಲ್ಲುತ್ತದೆ. ಸಂಪೂರ್ಣವಲ್ಲ, ಹಾಗೆಂದು ಸೊನ್ನೆಯೂ ಅಲ್ಲ. ಹೆಚ್ಚಿನ ಹವಳಗಳು ಇಷ್ಟರಲ್ಲಿ ಚೆನ್ನಾಗಿಯೇ ಬದುಕುತ್ತವೆ.

ನೀರು ಬದಲಿಸದವರು ಎದುರಿಸಲೇಬೇಕಾದ ಒಂದು ತೊಡಕು ದ್ರಾವಣಗಳಲ್ಲೇ ಅಡಗಿದೆ. ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಸೋಡಿಯಂ ಬೈಕಾರ್ಬೊನೇಟ್ ಹಾಕಿದಾಗ ಹವಳ ತನಗೆ ಬೇಕಾದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ತೆಗೆದುಕೊಳ್ಳುತ್ತದೆ. ಉಳಿದ ಸೋಡಿಯಂ ಮತ್ತು ಕ್ಲೋರೈಡ್, ಅಂದರೆ ಅಡುಗೆ ಉಪ್ಪು, ನೀರಿನಲ್ಲೇ ನಿಲ್ಲುತ್ತದೆ. ಪ್ರತಿ 1 ಡಿಕೆಎಚ್‌ಗೆ ಲೀಟರಿಗೆ ಸುಮಾರು 21 ಮಿಲಿಗ್ರಾಂ. ದಿನಕ್ಕೆ 1 ಡಿಕೆಎಚ್‌ನಂತೆ ವರ್ಷವಿಡೀ ಹಾಕಿದರೆ ಲೀಟರಿಗೆ 7.6 ಗ್ರಾಂ ಅಡುಗೆ ಉಪ್ಪು ಸೇರಿರುತ್ತದೆ. ಲವಣಾಂಶ ಏರಿತೆಂದು ಸಿಹಿನೀರು ಬೆರೆಸಿ 35ಕ್ಕೆ ಇಳಿಸಿದರೆ ಮಾಪಕ ಸರಿ ತೋರಿಸುತ್ತದೆ, ಒಳಗೆ ಸಲ್ಫೇಟ್, ಪೊಟ್ಯಾಸಿಯಂಗಳು ತೆಳುವಾಗಿರುತ್ತವೆ. ಬಾಲಿಂಗ್ ತಮ್ಮ ಕ್ರಮದಲ್ಲಿ ಅಡುಗೆ ಉಪ್ಪಿಲ್ಲದ ಖನಿಜ ಮಿಶ್ರಣವೊಂದನ್ನು ಮೂರನೆಯ ದ್ರಾವಣವಾಗಿ ಸೇರಿಸಿದ್ದು ಇದೇ ಕಾರಣಕ್ಕೆ. ಕ್ರಮವಾಗಿ ನೀರು ಬದಲಿಸುವವರಿಗೆ ಈ ಓರೆ ತಾನಾಗಿಯೇ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಅಮೆರಿಕದ ರಸಾಯನಶಾಸ್ತ್ರಜ್ಞ ರ‍್ಯಾಂಡಿ ಹೋಮ್ಸ್ ಫಾರ್ಲಿ ಇಂಥ ಲೆಕ್ಕಗಳನ್ನು ಹವ್ಯಾಸಿಗಳಿಗಾಗಿ ಬಿಡಿಸಿ ಬರೆದವರಲ್ಲಿ ಪ್ರಮುಖರು.

ಹಳೆಯ ತೊಟ್ಟಿಗಳಲ್ಲಿ ತಾಮ್ರದಂಥ ಭಾರಲೋಹಗಳು ಕೂಡಿಕೊಂಡು ಜೀವಿಗಳು ಕುಗ್ಗುತ್ತವೆ ಎಂದು ಜೀವಶಾಸ್ತ್ರಜ್ಞ ರೊನಾಲ್ಡ್ ಶಿಮೆಕ್ 2000ರ ದಶಕದ ಆರಂಭದಲ್ಲಿ ವಾದಿಸಿದ್ದರು. ಆ ಲೋಹಗಳಲ್ಲಿ ಎಷ್ಟು ಪಾಲು ಸಾವಯವ ಪದಾರ್ಥಕ್ಕೆ ಅಂಟಿಕೊಂಡು ನಿರುಪದ್ರವಿಯಾಗಿರುತ್ತದೆ ಎಂಬುದರ ಮೇಲೆ ವಿವಾದ ನಡೆಯಿತು. ಉಪ್ಪಿನ ಮಿಶ್ರಣದಲ್ಲೇ ಲೋಹ ಇದ್ದರೆ ನೀರು ಬದಲಿಸಿ ಅದನ್ನು ಕಳೆಯುವುದು ಸಾಧ್ಯವಿಲ್ಲ ಎಂಬುದಂತೂ ಆ ಚರ್ಚೆಯಿಂದ ಸ್ಪಷ್ಟವಾಯಿತು.

ಕಾನೂನಿನಿಂದ ಬದಲಾಗುವ ಪ್ರಶ್ನೆ

ವಿದೇಶದ ಬಹುಪಾಲು ಸಲಹೆಗಳು ಗಟ್ಟಿ ಹವಳ ತುಂಬಿದ ತೊಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಭಾರತದಲ್ಲಿ ಪರಿಸ್ಥಿತಿ ಬೇರೆ. 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಕಡಲ ಬೀಸಣಿಗೆ ಮತ್ತು ಕಡಲಕುದುರೆಗಳು ಸೇರಿದವು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ಜೀವಂತ ಹವಳ ಮಾತ್ರವಲ್ಲ, ಅದರ ಅಸ್ಥಿಪಂಜರವನ್ನೂ ಸಮುದ್ರದಿಂದ ತರುವಂತಿಲ್ಲ. 2022ರ ತಿದ್ದುಪಡಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳಿಗೂ ಪ್ರತ್ಯೇಕ ಅನುಸೂಚಿ ತಂದಿತು. ನೇತ್ರಾಣಿಯಿಂದಲೋ ಲಕ್ಷದ್ವೀಪದಿಂದಲೋ ಕಲ್ಲು ಕಿತ್ತು ತಂದು ಕಟ್ಟಿದ ತೊಟ್ಟಿ ಎಷ್ಟೇ ಚೆಂದವಿರಲಿ, ಅದು ಅಪರಾಧ. ಆ ದಿಬ್ಬಗಳು ಬಿಸಿಯೇರುವ ಸಮುದ್ರದಲ್ಲಿ ಬಿಳಿಚಿಕೊಳ್ಳುತ್ತಿರುವ ಈ ಕಾಲದಲ್ಲಿ ಅದು ದೊಡ್ಡ ಅನ್ಯಾಯವೂ ಹೌದು.

ಆದ್ದರಿಂದ ಕಾನೂನಿಗೆ ಒಳಪಟ್ಟ ತೊಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವುದು ಜೋವಾಂಥಿಡ್, ಅಣಬೆ ಹವಳ, ತೊಗಲು ಹವಳದಂಥ ಮೃದು ಜಾತಿಗಳು. ಜೀವಂತ ಕಲ್ಲಿನ ಬದಲು ಕೃತಕ ಕಲ್ಲು. ಮರಿಮಾಡಿಸಿ ಬೆಳೆಸಿದ ಕ್ಲೌನ್ ಮೀನು. ಕ್ಲೌನ್ ಮೀನಿನ ಮರಿ ಉತ್ಪಾದನೆಯ ತಂತ್ರವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಆ ಸಂಸ್ಥೆಯ ಕೇಂದ್ರಗಳು ಮಂಗಳೂರು, ಕಾರವಾರಗಳಲ್ಲೂ ಇವೆ. ಜಾತಿ ಯಾವುದೇ ಇರಲಿ, ಕೊಳ್ಳುವ ಮುನ್ನ ಅದು ಯಾವ ಅನುಸೂಚಿಯಲ್ಲಿದೆ ಎಂದು ನೋಡಿ, ಬಿಲ್ ಇಟ್ಟುಕೊಳ್ಳುವುದು ಅಗತ್ಯ.

ಮೃದು ಹವಳ ಸುಣ್ಣದ ಅಸ್ಥಿ ಕಟ್ಟುವುದು ಅತ್ಯಲ್ಪ. ಹಾಗಾಗಿ ಕ್ಷಾರೀಯತೆಯ ಹಸಿವು ಕಡಿಮೆ. ಮೇಲೆ ಹೇಳಿದ ಅಡುಗೆ ಉಪ್ಪಿನ ತೊಡಕು ಇಲ್ಲಿ ದೊಡ್ಡದಾಗುವುದಿಲ್ಲ. ಸಣ್ಣ ಮೃದು ಹವಳದ ತೊಟ್ಟಿಗೆ ನೀರು ಬದಲಾವಣೆಯೊಂದೇ ಖನಿಜ ಪೂರೈಸಲು ಸಾಕಾಗುವುದೂ ಉಂಟು. ಅದರ ಬದಲು ಇನ್ನೊಂದು ಸಮಸ್ಯೆ ಎದುರಾಗುತ್ತದೆ. ಸಾರ್ಕೋಫೈಟನ್, ಸಿನ್ಯುಲೇರಿಯಾ ಮುಂತಾದ ತೊಗಲು ಹವಳಗಳು ಟರ್ಪೀನ್ ವರ್ಗದ ವಿಷಗಳನ್ನು ನೀರಿಗೆ ಬಿಟ್ಟು ನೆರೆಯ ಹವಳಗಳ ಬೆಳವಣಿಗೆ ತಡೆಯುತ್ತವೆ. ಕಡಲಿನಲ್ಲಿ ಈ ವಿಷ ಪ್ರವಾಹದೊಂದಿಗೆ ತೇಲಿಹೋಗುತ್ತದೆ. 200 ಲೀಟರ್ ಗಾಜಿನಲ್ಲಿ ಹೋಗುವ ದಾರಿ ಎಲ್ಲಿದೆ? ಇದನ್ನು ಅಳೆಯುವ ಟೆಸ್ಟ್ ಕಿಟ್ ಮನೆಬಳಕೆಗೆ ಸಿಗುವುದಿಲ್ಲ. ಸಕ್ರಿಯ ಇದ್ದಿಲು ಅದರಲ್ಲಿ ಬಹುಪಾಲನ್ನು ಹೀರುತ್ತದೆ. ಉಳಿದದ್ದನ್ನು ತೆಗೆಯಲು ನೀರು ಬದಲಿಸುವುದೇ ದಾರಿ. ಭಾರತದ ಮೃದು ಹವಳದ ತೊಟ್ಟಿಯಲ್ಲಿ ನೀರು ಬದಲಾವಣೆಗೆ ಇರುವ ಅತ್ಯಂತ ಗಟ್ಟಿ ಸಮರ್ಥನೆ ಇದು.

ಯಾವ ನೀರು

ತೊಟ್ಟಿಯಿಂದ ಆವಿಯಾಗುವುದು ಶುದ್ಧ ನೀರು. ಉಪ್ಪು ಒಳಗೇ ಉಳಿಯುತ್ತದೆ. ಬಯಲುಸೀಮೆಯ ಒಣ ಬೇಸಿಗೆಯಲ್ಲಿ, ನೀರು ತಣ್ಣಗಿರಲೆಂದು ಮೇಲೆ ಫ್ಯಾನ್ ತಿರುಗಿಸಿದ 200 ಲೀಟರ್ ತೊಟ್ಟಿಯಿಂದ ದಿನಕ್ಕೆ 3 ಲೀಟರ್ ಹೋಗುತ್ತದೆ ಎಂದಿಟ್ಟುಕೊಂಡರೆ, ಒಂದು ವಾರ ನೋಡದೆ ಬಿಟ್ಟಾಗ ಲವಣಾಂಶ 35ರಿಂದ 39ಕ್ಕೆ ಏರುತ್ತದೆ. ಆದ್ದರಿಂದ ಆವಿಯಾದಷ್ಟು ಸಿಹಿನೀರನ್ನು ದಿನವೂ ತುಂಬಬೇಕು. ಇದು ನೀರು ಬದಲಾವಣೆಯಲ್ಲ, ಅದಕ್ಕಿಂತ ಮುಖ್ಯವಾದ ಕೆಲಸ. ವರ್ಷಕ್ಕೆ ಹೀಗೆ ತುಂಬುವುದು 1,095 ಲೀಟರ್. ವಾರಕ್ಕೆ ಶೇ 10ರಂತೆ ಬದಲಿಸುವುದು 1,040 ಲೀಟರ್. ನೀರನ್ನೇ ಬದಲಿಸದ ತೊಟ್ಟಿಗೂ ಸುಮಾರು ಅಷ್ಟೇ ನೀರು ಹೊರಗಿನಿಂದ ಬರುತ್ತದೆ ಎಂಬುದನ್ನು ಗಮನಿಸಬೇಕು.

ಆ ನೀರು ನೇರವಾಗಿ ಕೊಳವೆಬಾವಿಯದಾದರೆ? ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಘನಪದಾರ್ಥ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದ ಕಡೆ 2,000ದವರೆಗೆ ಅವಕಾಶವಿದೆ. ನೈಟ್ರೇಟಿನ ಮಿತಿ 45. ಮನುಷ್ಯರಿಗೆ ಒಪ್ಪಿಗೆಯಾದ ಈ 45ನ್ನೇ ತೆಗೆದುಕೊಂಡರೂ, ದಿನಕ್ಕೆ 3 ಲೀಟರಿನಂತೆ ವರ್ಷದಲ್ಲಿ 49 ಗ್ರಾಂ ನೈಟ್ರೇಟ್ ತೊಟ್ಟಿಗೆ ಸೇರುತ್ತದೆ. ಏನೂ ಹೊರಹೋಗದಿದ್ದರೆ 200 ಲೀಟರಿನಲ್ಲಿ ಅದು 245 ಪಿಪಿಎಂ. ಹವಳದ ತೊಟ್ಟಿಗೆ 10ರ ಆಸುಪಾಸು ಸಾಕು. ಮೀನಿಗೆ ಎಷ್ಟೇ ಲೆಕ್ಕಹಾಕಿ ಆಹಾರ ಹಾಕಿದರೂ ಈ ಒಂದು ತಪ್ಪಿನ ಮುಂದೆ ಅದು ನಿಲ್ಲದು. ಪಂಚಾಯಿತಿಯ ಓವರ್‌ಹೆಡ್ ಟ್ಯಾಂಕಿಗೆ ಬೆರೆಸುವ ಬ್ಲೀಚಿಂಗ್ ಪುಡಿಯ ಕ್ಲೋರಿನ್, ಹಳೆಯ ಪೈಪು ಮತ್ತು ಫಿಟಿಂಗ್‌ಗಳ ತಾಮ್ರ, ಗ್ರಾನೈಟ್ ನೆಲದ ಸಿಲಿಕಾ ಇವೂ ಜೊತೆಗೆ ಬರುತ್ತವೆ. ಸಿಲಿಕಾ ಹೆಚ್ಚಾದ ತೊಟ್ಟಿಯ ಗಾಜಿಗೂ ಮರಳಿಗೂ ಕಂದು ಡಯಾಟಮ್ ಪೊರೆ ಕಟ್ಟುತ್ತದೆ. ಒರೆಸಿದ ಮರುದಿನ ಮತ್ತೆ ಬರುತ್ತದೆ. ತಾಮ್ರವಂತೂ ಸಿಗಡಿ, ಬಸವನಹುಳುಗಳಿಗೆ ಅತಿ ಸಣ್ಣ ಪ್ರಮಾಣದಲ್ಲೇ ಮಾರಕ.

ಅಡುಗೆಮನೆಯ ಆರ್‌ಒ ಸಾಕಲ್ಲವೇ ಎಂಬುದು ಸಹಜ ಪ್ರಶ್ನೆ. ಆರ್‌ಒ ಪೊರೆ ಕರಗಿದ ಪದಾರ್ಥದಲ್ಲಿ ಶೇ 90ಕ್ಕೂ ಹೆಚ್ಚನ್ನು ತಡೆಯುತ್ತದೆ ನಿಜ. ಆದರೆ ಮನೆಯ ಯಂತ್ರಗಳಲ್ಲಿ ರುಚಿಗೆಂದು ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪು ಇರುತ್ತದೆ. ಅದು ಶೋಧಿಸಿದ ನೀರಿಗೆ ಸ್ವಲ್ಪ ಹಸಿ ನೀರನ್ನೇ ಬೆರೆಸುತ್ತದೆ. ಕೆಲವದರಲ್ಲಿ ಖನಿಜ ಸೇರಿಸುವ ಕಾರ್ಟ್ರಿಜ್ ಇರುತ್ತದೆ. ನಲ್ಲಿಯಿಂದ ಬಂದ ನೀರಿಗೆ ಟಿಡಿಎಸ್ ಮೀಟರ್ ಅದ್ದಿದರೆ 50, 80, 100 ಹೀಗೆ ಅಂಕಿ ತೋರುವುದು ಅದರಿಂದ. ಕುಡಿಯಲು ಅದು ಸರಿ, ಹವಳಕ್ಕೆ ಬೇಕಾದದ್ದು ಸೊನ್ನೆ. ಹಳ್ಳಿಗಳಲ್ಲಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುವ ಶುದ್ಧ ಕುಡಿಯುವ ನೀರಿನ ಘಟಕಗಳದ್ದೂ ಇದೇ ಕಥೆ. ಅಪಾರ್ಟ್‌ಮೆಂಟುಗಳ ಸಾಫ್ಟ್ನರ್ ಗಡಸುತನವನ್ನು ತೆಗೆದು ಅದರ ಜಾಗದಲ್ಲಿ ಸೋಡಿಯಂ ಇಡುತ್ತದೆ, ಟಿಡಿಎಸ್ ಇಳಿಸುವುದಿಲ್ಲ. ಆರ್‌ಒ ಪೊರೆಯಿಂದ ಹೊರಬಂದ ನೀರನ್ನು, ಆ ತಿರುಪಿಗೂ ಕಾರ್ಟ್ರಿಜ್‌ಗೂ ಮುಂಚೆಯೇ ತೆಗೆದು, ಉಳಿದ ಅಯಾನುಗಳನ್ನು ಹೀರುವ ಡಿಐ ರೆಸಿನ್ ತುಂಬಿದ ಕೊಳವೆಯೊಂದರ ಮೂಲಕ ಹಾಯಿಸಿದರೆ ಅಂಕಿ ಸೊನ್ನೆಗೆ ಬರುತ್ತದೆ. ಬಣ್ಣ ಬದಲಿಸುವ ರೆಸಿನ್ ಆದರೆ ಕೊಳವೆಯಲ್ಲಿ ಬಣ್ಣದ ಗೆರೆ ಮೇಲೇರುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ. ಗೆರೆ ತುದಿ ಮುಟ್ಟುವ ಮುನ್ನ ರೆಸಿನ್ ಬದಲಿಸಬೇಕು.

ಆರ್‌ಒ ಒಂದು ಲೀಟರ್ ಕೊಡಲು ಎರಡರಿಂದ ನಾಲ್ಕು ಲೀಟರ್ ಹೊರಚೆಲ್ಲುತ್ತದೆ. ಅಂತರ್ಜಲ ಬತ್ತಿದ ತಾಲ್ಲೂಕಿನಲ್ಲಿ ಇದನ್ನು ಮೋರಿಗೆ ಬಿಡುವುದು ಸರಿಯಲ್ಲ. ನೆಲ ಒರೆಸಲು, ಶೌಚಾಲಯಕ್ಕೆ, ಬಟ್ಟೆಯ ಮೊದಲ ಜಾಲಿಕೆಗೆ ಅದು ಸಲ್ಲುತ್ತದೆ. ಮಳೆನೀರು ಇದಕ್ಕಿಂತ ಒಳ್ಳೆಯ ಮೂಲ. ಮುಂಗಾರು, ಹಿಂಗಾರುಗಳಲ್ಲಿ ಆರ್‌ಸಿಸಿ ಚಾವಣಿಯ ಮೇಲೆ ಮೊದಲ ಮಳೆ ಹರಿದುಹೋದ ಮೇಲೆ ಹಿಡಿದ ನೀರಿನ ಟಿಡಿಎಸ್ ಕೊಳವೆಬಾವಿಯದಕ್ಕಿಂತ ಎಷ್ಟೋ ಕಡಿಮೆ. ಅದನ್ನೇ ಶೋಧಕಕ್ಕೆ ಕೊಟ್ಟರೆ ರೆಸಿನ್ ಬಹಳ ಕಾಲ ಬಾಳುತ್ತದೆ. ಜಿಂಕ್ ಶೀಟಿನ ಮೇಲೆ ಬಿದ್ದ ಮಳೆ ಬೇಡ, ಸತು ಕರಗಿ ಬರುತ್ತದೆ.

ಕರಾವಳಿಯಿಂದ ಸಮುದ್ರದ ನೀರನ್ನೇ ತರಿಸುವ ಯೋಚನೆಯೂ ಬರುತ್ತದೆ. ಹೊನ್ನಾವರದಿಂದ ಶಿವಮೊಗ್ಗ, ತುಮಕೂರು ದಾಟಿ ಬೆಂಗಳೂರಿಗೆ ಬರುವ ವಾಹನಗಳು ದಾಬಸ್‌ಪೇಟೆಯ ಮೇಲೆಯೇ ಹಾದುಹೋಗುತ್ತವೆ. ಆದರೆ ಮಳೆಗಾಲದಲ್ಲಿ ಶರಾವತಿ, ಕಾಳಿ, ನೇತ್ರಾವತಿಯಂಥ ನದಿಗಳು ತೀರದ ನೀರನ್ನು ತೆಳುಮಾಡಿ ಹೂಳು, ಗೊಬ್ಬರ, ಕೊಳಚೆ ಸೇರಿಸುತ್ತವೆ. ಬಂದರಿನ ನೀರಿನಲ್ಲಿ ಎಣ್ಣೆ ಇರುತ್ತದೆ. ಒಣ ತಿಂಗಳುಗಳಲ್ಲಿ ತೀರದಿಂದ ದೂರ ಹಿಡಿದ ನೀರು ಚೆನ್ನಾಗಿರಬಹುದು. ಪ್ರತಿ ಸಲವೂ ಅದೇ ಗುಣ ಇರುತ್ತದೆಂಬ ಭರವಸೆ ಇಲ್ಲ. ವಾರವಾರ ಬೇಕಾಗುವ ಕೆಲಸಕ್ಕೆ ಸಮುದ್ರದ ಲವಣಗಳ ಸಿದ್ಧ ಮಿಶ್ರಣವಾದ ಸಾಲ್ಟ್ ಮಿಕ್ಸ್ ಹೆಚ್ಚು ನಂಬಿಕೆಯದು. ಅಂಗಡಿಯ ಹರಳುಪ್ಪು, ಅಯೋಡಿನ್ ಉಪ್ಪು ಇದಕ್ಕೆ ಬದಲಿಯಲ್ಲ. ಅವು ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡ್ ಮಾತ್ರ.

ಒಣಹವೆಯಿಂದ ಒಂದು ಲಾಭವೂ ಇದೆ. ಗಟ್ಟಿ ಅಸ್ಥಿಯ ಜೀವಿಗಳಿದ್ದು ಖನಿಜ ಬೇಕಾದ ತೊಟ್ಟಿಯಲ್ಲಿ, ಆವಿಯಾದ ನೀರಿನ ಬದಲು ಸುಣ್ಣದ ತಿಳಿನೀರನ್ನೇ ತುಂಬಬಹುದು. 3 ಲೀಟರ್ ಪೂರ್ಣ ಸಾಂದ್ರತೆಯ ತಿಳಿನೀರು 200 ಲೀಟರ್ ತೊಟ್ಟಿಗೆ ದಿನಕ್ಕೆ ಸುಮಾರು 1.7 ಡಿಕೆಎಚ್ ಮತ್ತು 12 ಪಿಪಿಎಂ ಕ್ಯಾಲ್ಸಿಯಂ ಕೊಡುತ್ತದೆ, ಅಡುಗೆ ಉಪ್ಪನ್ನು ಹಿಂದೆ ಬಿಡುವುದಿಲ್ಲ. ಎಲೆಅಡಿಕೆಯ ಸುಣ್ಣವೂ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ ಆದರೂ ಅದರ ಕಲಬೆರಕೆ ತಿಳಿಯದು. ಪ್ರಯೋಗಾಲಯ ದರ್ಜೆಯದೇ ಬೇಕು. ತಿಳಿನೀರಿನ ಪಿಎಚ್ 12ಕ್ಕಿಂತ ಹೆಚ್ಚು. ಅದನ್ನು ರಾತ್ರಿ ಹೊತ್ತು ಹನಿಹನಿಯಾಗಿ ಬಿಡಬೇಕು, ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು.

ಬದಲಿಸುವ ಕ್ರಮ

20 ಲೀಟರ್ ಹೊಸ ನೀರಿಗೆ 700ರಿಂದ 760 ಗ್ರಾಂ ಸಾಲ್ಟ್ ಮಿಕ್ಸ್ ಬೇಕು. ಮೊದಲು ನೀರು, ಅದರ ಮೇಲೆ ಉಪ್ಪು. ಪವರ್‌ಹೆಡ್ ಪಂಪ್ ತಿರುಗುತ್ತಿರುವ ಡ್ರಮ್ಮಿಗೆ ಉಪ್ಪನ್ನು ಸ್ವಲ್ಪಸ್ವಲ್ಪವೇ ಉದುರಿಸಿದಾಗ ನೀರು ಮೊದಲು ಹಾಲಿನಂತೆ ಬೆಳ್ಳಗಾಗಿ, ನಿಧಾನವಾಗಿ ತಳ ಕಾಣುವಷ್ಟು ತಿಳಿಯಾಗುತ್ತದೆ. ಒಮ್ಮೆಲೇ ಸುರಿದರೆ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಕೂಡಿ ಡ್ರಮ್ಮಿನ ಗೋಡೆಗೆ ಬಿಳಿ ಪದರವಾಗಿ ಕೂರುತ್ತವೆ, ಮತ್ತೆ ಕರಗುವುದಿಲ್ಲ. ಉಪ್ಪು ಪೂರ್ತಿ ಕರಗಿ ಗಾಳಿ ಬೆರೆಯಲು ಬಿಟ್ಟು, ರಿಫ್ರಾಕ್ಟೋಮೀಟರಿನಲ್ಲಿ ಲವಣಾಂಶ, ಥರ್ಮಾಮೀಟರಿನಲ್ಲಿ ಉಷ್ಣತೆ ತೊಟ್ಟಿಗೆ ಹೊಂದಿದ ಮೇಲೆ ಬಳಸಬೇಕು. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಇಲ್ಲಿನ ಡ್ರಮ್ಮಿನ ನೀರು ತೊಟ್ಟಿಗಿಂತ ಬಹಳ ತಣ್ಣಗಿರುತ್ತದೆ. ಜೋವಾಂಥಿಡ್ ಜಾತಿಯ ಕೆಲವು ಹವಳಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಪ್ರಬಲ ವಿಷವಿರುವುದರಿಂದ ಕೈಗವಸಿಲ್ಲದೆ ಕೈಯನ್ನು, ಅದರಲ್ಲೂ ಗಾಯವಿರುವ ಕೈಯನ್ನು, ತೊಟ್ಟಿಗೆ ಇಳಿಸಬಾರದು.

ನೀರು ತೆಗೆಯುವಾಗ ಸೈಫನ್ ಪೈಪಿನ ಬಾಯನ್ನು ಮರಳಿನ ಮೇಲೆ, ಕಲ್ಲಿನ ಸಂದಿಗಳಲ್ಲಿ ಓಡಿಸಿ ಕೂತ ಗಸಿಯನ್ನು ಎಳೆದರೆ, ಅದೇ 20 ಲೀಟರಿಗೆ ಎರಡು ಪಟ್ಟು ಪ್ರಯೋಜನ. ಮೇಲಿನ ತಿಳಿನೀರನ್ನಷ್ಟೇ ಮೊಗೆದು ಹಾಕಿದರೆ ಮುಂದೆ ನೈಟ್ರೇಟ್ ಆಗಲಿರುವ ಕೊಳೆ ಅಲ್ಲೇ ಉಳಿಯುತ್ತದೆ. ದಿನವೂ ಸ್ವಲ್ಪಸ್ವಲ್ಪ ಬದಲಿಸುವುದೂ ಲೆಕ್ಕದ ದೃಷ್ಟಿಯಿಂದ ಹೆಚ್ಚು ನಷ್ಟವಲ್ಲ. ಒಟ್ಟು ಶೇ 30ನ್ನು ಹನಿಹನಿಯಾಗಿ ಬದಲಿಸಿದರೆ ಹಳೆಯದರಲ್ಲಿ ಸುಮಾರು ಶೇ 26 ಹೊರಹೋಗುತ್ತದೆ, ಜೀವಿಗಳಿಗೆ ಆಘಾತವೂ ಇಲ್ಲ.

ಯಾರು ಬಿಡಬಹುದು, ಯಾರು ಬಿಡಬಾರದು

ಹೊಸ ತೊಟ್ಟಿ, 100 ಲೀಟರಿಗಿಂತ ಚಿಕ್ಕ ತೊಟ್ಟಿ, ಮೀನು ಹೆಚ್ಚಿರುವ ತೊಟ್ಟಿ, ಬಗೆಬಗೆಯ ತೊಗಲು ಹವಳಗಳು ಒತ್ತೊತ್ತಾಗಿರುವ ತೊಟ್ಟಿ ಇವುಗಳಲ್ಲಿ ಬದಲಾವಣೆ ನಿಲ್ಲಿಸಲು ಒಳ್ಳೆಯ ಕಾರಣವಿಲ್ಲ. ಕಲ್ಲಿನ ಹಿಂದೆ ಅನಿಮೋನ್ ಸತ್ತು ಕೊಳೆತಾಗ, ಅಮೋನಿಯಾ ಏರಿದಾಗ, ಸೊಳ್ಳೆ ಸ್ಪ್ರೇಯೋ ಫಿನಾಯಿಲೋ ನೀರಿಗೆ ಬಿದ್ದಾಗ, ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತು ಜೀವಿಗಳು ಸತ್ತಾಗ ಶೇ 30ರಿಂದ 50ರವರೆಗೆ ಕೂಡಲೇ ಬದಲಿಸುವುದಕ್ಕೆ ಸಮನಾದ ಇನ್ನೊಂದು ಚಿಕಿತ್ಸೆ ಇಲ್ಲ. ಅಂಗಡಿಗಳು ದೂರವಿರುವ ಊರಿನಲ್ಲಿ ಒಂದು ಡ್ರಮ್ ಶುದ್ಧ ನೀರು ಮತ್ತು ಅದಕ್ಕೆ ಸಾಕಾಗುವ ಉಪ್ಪನ್ನು ಸದಾ ಸಿದ್ಧವಾಗಿ ಇಟ್ಟುಕೊಳ್ಳಬೇಕು ಎಂಬುದರಲ್ಲಿ ರಿಯಾಯಿತಿ ಸಲ್ಲದು.

ದೊಡ್ಡ ತೊಟ್ಟಿ, ಒಳ್ಳೆಯ ಸ್ಕಿಮ್ಮರ್, ಶೋಧನೆಗೆ ಜೋಡಿಸಿದ ಕೆಳತೊಟ್ಟಿಯಾದ ಸಂಪಿನಲ್ಲಿ ಕೀಟೊಮಾರ್ಫಾ ಪಾಚಿ ಬೆಳೆಸಿ ಕೊಯ್ದು ತೆಗೆಯುವ ವ್ಯವಸ್ಥೆ, ಇದ್ದಿಲು, ವಾರಕ್ಕೊಮ್ಮೆ ಕ್ಷಾರೀಯತೆ, ನೈಟ್ರೇಟ್, ಫಾಸ್ಫೇಟ್ ಪರೀಕ್ಷೆ, ಆಗಾಗ ಐಸಿಪಿ ವರದಿ ಇಷ್ಟೂ ಇದ್ದವರು ಬದಲಾವಣೆಯನ್ನು ತಿಂಗಳಿಗೋ ಅದಕ್ಕಿಂತ ದೂರಕ್ಕೋ ತಳ್ಳಬಹುದು, ಪೂರ್ತಿ ಬಿಡಲೂಬಹುದು. ಇಂಥ ತೊಟ್ಟಿಗಳಲ್ಲಿ ಎದುರಾಗುವ ಅಪಾಯ ಕೆಲವೊಮ್ಮೆ ಅತಿಶುಚಿತ್ವ: ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗಿಳಿದಾಗ ಹವಳ ಬಣ್ಣಗೆಟ್ಟು, ಕಂದು ಲೋಳೆಯ ಡೈನೋಫ್ಲಾಜೆಲೇಟ್‌ಗಳು ಆವರಿಸುತ್ತವೆ. ಆಗ ಮತ್ತೆ ಮತ್ತೆ ನೀರು ಬದಲಿಸಿದರೆ ರೋಗ ಉಲ್ಬಣಿಸುತ್ತದೆ. ಟಿಡಿಎಸ್ ಸೊನ್ನೆಗೆ ಬಾರದ ನೀರಷ್ಟೇ ಕೈಯಲ್ಲಿದ್ದಾಗಲೂ ಹಾಗೆಯೇ. ಶೋಧಕ ಸರಿಯಾಗುವವರೆಗೆ ಬದಲಾವಣೆಯನ್ನು ಮುಂದೂಡುವುದು ವಾಸಿ.

200 ಲೀಟರಿನ ಮೃದು ಹವಳದ ತೊಟ್ಟಿ, ನಾಲ್ಕೈದು ಸಣ್ಣ ಮೀನು, ಕೆಲಸಕ್ಕೆ ಹೋಗಿಬರುವ ಮನೆಮಂದಿ ಎಂಬುದು ಇಂಥ ಊರಿನಲ್ಲಿ ನಿರೀಕ್ಷಿಸಬಹುದಾದ ಚಿತ್ರ. ಅಲ್ಲಿ ಹದಿನೈದು ದಿನಕ್ಕೊಮ್ಮೆ ಸೊನ್ನೆ ಟಿಡಿಎಸ್ ನೀರಿನಿಂದ ಮಾಡಿದ 20 ಲೀಟರ್ ಬದಲಾವಣೆ, ತಿಂಗಳಿಗೊಮ್ಮೆ ಹೊಸ ಇದ್ದಿಲು, ದಿನವೂ ಆವಿಯ ಭರ್ತಿ ಸಾಕಾಗಬೇಕು. ನೈಟ್ರೇಟ್ ಏರುತ್ತಿದ್ದರೆ ಬದಲಾವಣೆ ಹೆಚ್ಚಿಸುವ ಮುನ್ನ ಆಹಾರ ಕಡಿಮೆ ಮಾಡಿ ನೋಡುವುದು ಅಗ್ಗದ ದಾರಿ.

ತೆಗೆದ ಉಪ್ಪುನೀರನ್ನು ತೋಟಕ್ಕೆ, ತೆಂಗಿನ ಬುಡಕ್ಕೆ, ಹೊಲದ ಬದುವಿಗೆ ಹಾಕಬಾರದು. 20 ಲೀಟರಿನಲ್ಲಿ 700 ಗ್ರಾಂ ಉಪ್ಪಿದೆ, ಮಳೆ ಕಡಿಮೆ ಇರುವ ಕೆಂಪು ಮಣ್ಣಿನಿಂದ ಅದು ಬೇಗ ತೊಳೆದುಹೋಗುವುದಿಲ್ಲ. ಇಂಗುಗುಂಡಿಗೂ ಕೆರೆಗೂ ಕುಮುದ್ವತಿಯ ಹಳ್ಳಕ್ಕೂ ಅದು ಹೋಗಬಾರದು. ಮನೆಯ ಇತರ ಬಳಕೆ ನೀರಿನೊಂದಿಗೆ ಬೆರೆಯುವಂತೆ ಒಳಚರಂಡಿಗೆ ಸ್ವಲ್ಪಸ್ವಲ್ಪವೇ ಬಿಡಬೇಕು. ಸಾಕಲಾಗದ ಜೀವಿಗಳನ್ನು ಪ್ರವಾಸಕ್ಕೆ ಹೋದಾಗ ಸಮುದ್ರಕ್ಕೆ ಬಿಟ್ಟುಬರುವುದೂ ಸಲ್ಲದು. ಬೇರೆ ಸಾಗರದ ಜಾತಿಗಳೂ ಅವು ಹೊತ್ತ ರೋಗಗಳೂ ನೇತ್ರಾಣಿಯ ಹವಳಕ್ಕೆ ತಲುಪಬಹುದು. ಅವನ್ನು ಇನ್ನೊಬ್ಬ ಸಾಕುವವರಿಗೆ ದಾಟಿಸಬೇಕು.